ಜಾಲವಾರ್ತೆಯ ನಮೂದು ಮತ್ತು ಅರ್ಥಯುಕ್ತ ಜಾಲ

ಪತ್ರಿಕೆಗೆ ಚಂದಾದಾರನಾದವನು ಮುದ್ರಣಾಲಯಕ್ಕೆ ಹೋಗಿ ಹೊಸ ಸಂಚಿಕೆ ಬಂದಿದೆಯೇ ಎಂದು ವಿಚಾರಿಸಬೇಕಾಗಿಲ್ಲ. ಸಂಚಿಕೆಯೇ ಅವನ ಮನೆಗೆ ಬರುತ್ತದೆ. ಅಂತರಜಾಲದಲ್ಲಿ ಇದೇ ಸೌಕರ್ಯವನ್ನು ಒದಗಿಸುವ ಏರ್ಪಾಡಿಗೆ ಫೀಡ್ ಎಂದು ಹೆಸರು. ಒಂದು ಜಾಲತಾಣದಲ್ಲಿ ಈಚೆಗೆ ಪ್ರಕಟವಾದ ಬರಹಗಳ ಶೀರ್ಷಿಕೆ, ವಿಳಾಸ, ದಿನಾಂಕ, ಲೇಖಕರ ಹೆಸರು, ಸಾರಾಂಶ ಇವುಗಳನ್ನು ಗಣಕಯಂತ್ರವು ಓದಬಲ್ಲ ಕ್ರಮದಲ್ಲಿ ಬರೆದಿರಿಸಿದ ಪಟ್ಟಿಯೇ ಫೀಡ್. ಆ ಪಟ್ಟಿಯ ಒಂದೊಂದು ಬಾಬೂ ಒಂದೊಂದು ನಮೂದು. ಓದುಗನ ತಂತ್ರಾಂಶವು ನಿಯತಕಾಲಕ್ಕೊಮ್ಮೆ ಪಟ್ಟಿಯನ್ನು ತರಿಸಿ ನೋಡಿ, ಹೊಸ ನಮೂದು ಇದ್ದರೆ ಅವನ ಮುಂದಿರಿಸುತ್ತದೆ.

ಈ ಏರ್ಪಾಡಿನ ಅತ್ಯಂತ ಪರಿಚಿತವಾದ ರೂಪಕ್ಕೆ ಆರ್.ಎಸ್.ಎಸ್. ಎಂಬ ಹೆಸರಿದೆ. ಭಾರತದಲ್ಲಿ ಈ ಮೂರಕ್ಷರವನ್ನು ಕೇಳಿದೊಡನೆ ಬೇರೊಂದು ಸಂಘಟನೆ ನೆನಪಿಗೆ ಬರುವುದು ಸಹಜವೇ. ಒಂದೇ ಹೆಸರು ಎರಡು ವಸ್ತುಗಳಿಗೆ ಸಲ್ಲುವಾಗ ಮನುಷ್ಯನು ಸಂದರ್ಭವನ್ನು ನೋಡಿ ಅರ್ಥಮಾಡಿಕೊಳ್ಳುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ. ಯಂತ್ರಕ್ಕೂ ಗೊಂದಲವಾಗದಂತೆ ಸಂಗತಿಗಳನ್ನು ಹೇಳುವ ಪ್ರಯತ್ನವೇ ಸೆಮ್ಯಾಂಟಿಕ್ ವೆಬ್, ಅರ್ಥಾತ್ ಅರ್ಥಯುಕ್ತ ಜಾಲ. ಇದರ ತಳಹದಿಯಾದ ಆರ್.ಡಿ.ಎಫ್. ಎಂಬ ನಿರೂಪಣಾಕ್ರಮವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸಂಸ್ಥೆಯು 1999ರ ಫೆಬ್ರವರಿ ತಿಂಗಳಲ್ಲಿ ಅಂಗೀಕರಿಸಿತು. ಇದರಲ್ಲಿ ಪ್ರತಿಯೊಂದು ಹೇಳಿಕೆಗೂ ಮೂರೇ ಅಂಗಗಳು: ಯಾವುದರ ವಿಷಯ, ಯಾವ ಗುಣ, ಆ ಗುಣದ ಬೆಲೆ ಏನು. ‘ಈ ಬರಹದ—ಕರ್ತೃ—ಇಂಥವರು’ ಎಂಬುದು ಒಂದು ಹೇಳಿಕೆ. ಮೂರು ಅಂಗಗಳ ಈ ಘಟಕವನ್ನು ತ್ರಿಪದಿ ಎನ್ನಬಹುದಿತ್ತು. ಆದರೆ ಕನ್ನಡಿಗರ ಕಿವಿಯಲ್ಲಿ ಆ ಮಾತಿಗೆ ಸರ್ವಜ್ಞನ ಸ್ಥಾನ ನಿಶ್ಚಿತವಾಗಿರುವುದರಿಂದ ಇಲ್ಲಿ ತ್ರಿಪದವೆಂದೇ ಕರೆಯುವುದು ಲೇಸು. ಮೊದಲನೆಯ ಮತ್ತು ಎರಡನೆಯ ಅಂಗಗಳಿಗೆ ಸಾಮಾನ್ಯವಾಗಿ ಜಗತ್ತಿನಲ್ಲೆಲ್ಲ ಒಂದೇ ಅರ್ಥವನ್ನು ಕೊಡುವ ಜಾಲವಿಳಾಸದ ಮಾದರಿಯ ಗುರುತನ್ನು ಇಡುತ್ತಾರೆ. ಹಾಗೆ ಇಟ್ಟಾಗ ಧಾರವಾಡದ ಒಂದು ಕಡತವನ್ನೂ ಲಂಡನ್ನಿನ ಒಂದು ಕಡತವನ್ನೂ ಕೂಡಿಸಿದರೆ ಎರಡರ ತ್ರಿಪದಗಳೂ ಒಂದೇ ರಾಶಿಯಾಗಿ, ಒಂದೇ ವಸ್ತುವಿನ ಬಗೆಗಿನ ಮಾತುಗಳು ತಾವಾಗಿಯೇ ಒಂದೆಡೆ ಸೇರುತ್ತವೆ. ಈ ಸೇರುವಿಕೆಯೇ ಆರ್.ಡಿ.ಎಫ್.ನ ಮುಖ್ಯ ಬಲ. ಮುಂದೆ ಕಾಣಬರುವಂತೆ, ಫೀಡಿನ ವಿಷಯದಲ್ಲಿ ತೊಡಕಿಗೂ ಇದೇ ಮೂಲ.

ಫೀಡ್ ಮತ್ತು ಅರ್ಥಯುಕ್ತ ಜಾಲ ಇವೆರಡೂ ಅನಂತರ ಜೋಡಿಸಲ್ಪಟ್ಟ ಅಪರಿಚಿತರಲ್ಲ ಎಂಬುದು ಗಮನಾರ್ಹ. ಮದರಾಸಿನ ಐ.ಐ.ಟಿ.ಯ ಪದವೀಧರರಾದ ಆರ್. ವಿ. ಗುಹಾ ಅವರು ಅಮೆರಿಕದಲ್ಲಿ ಡಗ್ಲಸ್ ಲೆನಟ್ ಅವರೊಡನೆ ಸೈಕ್ ಎಂಬ ಜ್ಞಾನಕೋಶ ಯೋಜನೆಯಲ್ಲಿ ದುಡಿದು, ಬಳಿಕ ಆ್ಯಪಲ್ ಸಂಸ್ಥೆಯಲ್ಲಿ ಜಾಲಪುಟಗಳ ಬಗೆಗಿನ ಮಾಹಿತಿಯನ್ನು ನಿರೂಪಿಸುವ ಒಂದು ಕ್ರಮವನ್ನು ರೂಪಿಸಿದರು. 1997ರಲ್ಲಿ ಅವರು ನೆಟ್‌ಸ್ಕೇಪ್ ಸಂಸ್ಥೆಯನ್ನು ಸೇರಿದ ಮೇಲೆ ಟಿಮ್ ಬ್ರೇ ಅವರ ನೆರವಿನಿಂದ ಅದಕ್ಕೆ ಎಕ್ಸ್‌ಎಂಎಲ್ ಉಡುಪು ದೊರೆಯಿತು, ಆರ್.ಡಿ.ಎಫ್.ನ ಬೇರುಗಳಲ್ಲಿ ಅದೂ ಒಂದು. 1999ರ ಮಾರ್ಚ್‌ನಲ್ಲಿ ಅದೇ ನೆಟ್‌ಸ್ಕೇಪ್ ಸಂಸ್ಥೆಯು, ನಾನಾ ತಾಣಗಳ ಸುದ್ದಿ ಶೀರ್ಷಿಕೆಗಳನ್ನು ಬಳಕೆದಾರನ ಒಂದೇ ಪುಟದಲ್ಲಿ ತೋರಿಸುವ ಸಲುವಾಗಿ, ಗುಹಾ ಮತ್ತು ಡಾನ್ ಲಿಬಿ ಅವರು ಸಿದ್ಧಪಡಿಸಿದ ಮೊದಲನೆಯ ಆರ್.ಎಸ್.ಎಸ್. ಕ್ರಮವನ್ನು ಹೊರತಂದಿತು. ಅಂದು ಆ ಹೆಸರಿನ ಮೊದಲಕ್ಷರವು ಆರ್.ಡಿ.ಎಫ್. ಎಂಬುದನ್ನೇ ಸೂಚಿಸುತ್ತಿತ್ತು. ಹುಟ್ಟಿನಿಂದಲೇ ಫೀಡು ಅರ್ಥಯುಕ್ತ ಜಾಲದ ಕೂಸು.

ಆದರೆ ಈ ಬಾಂಧವ್ಯ ನಾಲ್ಕು ತಿಂಗಳು ಬಾಳಿತು. ಪ್ರಕಾಶಕರಿಗೆ ಬರವಣಿಗೆ ಕಠಿಣವೆನಿಸಿದ್ದರಿಂದ ಅದೇ ವರ್ಷ ಜುಲೈ ತಿಂಗಳ ಪರಿಷ್ಕರಣದಲ್ಲಿ ಆರ್.ಡಿ.ಎಫ್. ಅಂಶವನ್ನು ಕೈಬಿಡಲಾಯಿತು. 2000ದ ಡಿಸೆಂಬರ್‌ನಲ್ಲಿ ಆಸಕ್ತರ ಒಂದು ಮಂಡಲಿಯು ಆರ್.ಎಸ್.ಎಸ್. 1.0 ಎಂಬ ಹೆಸರಿನಲ್ಲಿ ಅದನ್ನು ಮರಳಿ ಸೇರಿಸಿತು. ಈ ಮಂಡಲಿಯಲ್ಲಿ ಗುಹಾ ಅವರೂ ಇದ್ದರು, ಆಗ ಹದಿನಾಲ್ಕು ವರ್ಷದ ಬಾಲಕನಾಗಿದ್ದ ಏರನ್ ಸ್ವಾರ್ಟ್ಜ್ ಸಹ ಇದ್ದನೆಂಬುದು ಪ್ರೌಢಶಾಲೆಯ ಅಧ್ಯಾಪಕರಿಗೆ ಕುತೂಹಲದ ಸಂಗತಿಯಾದೀತು. ಸರಳತೆಯ ಪಕ್ಷದವರಾದ ಡೇವ್ ವೈನರ್ ಅವರು ಇನ್ನೊಂದು ಕವಲನ್ನು ಬೆಳೆಸಿ 2002ರ ಸೆಪ್ಟೆಂಬರ್‌ನಲ್ಲಿ ಆರ್.ಎಸ್.ಎಸ್. 2.0 ಎಂದು ಪ್ರಕಟಿಸಿದರು. ಸಂಖ್ಯೆ ಹೆಚ್ಚಾದುದರಿಂದ ಎರಡನೆಯದು ಮೊದಲನೆಯದರ ಸುಧಾರಣೆಯೆಂದು ಭಾವಿಸುವವರು ಈಗಲೂ ಇದ್ದಾರೆ. ವಾಸ್ತವವಾಗಿ ಅವು ದಾಯಾದಿಗಳು. ಈ ವಿವಾದವನ್ನು ಕೇವಲ ವ್ಯಕ್ತಿಪ್ರತಿಷ್ಠೆಯ ಜಗಳವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆರ್.ಎಸ್.ಎಸ್. 1.0ರಲ್ಲಿ ನಮೂದುಗಳ ಅನುಕ್ರಮವನ್ನು ಒಂದು ಕಡೆ, ನಮೂದುಗಳನ್ನು ಮತ್ತೊಂದು ಕಡೆ ಬರೆಯಬೇಕು. ಒಂದೇ ವಿಳಾಸವು ಅನುಕ್ರಮದಲ್ಲಿ ಒಮ್ಮೆ, ನಮೂದಿನ ಗುರುತಾಗಿ ಒಮ್ಮೆ, ಕೊಂಡಿಯಾಗಿ ಇನ್ನೊಮ್ಮೆ ಬರುತ್ತದೆ. ಕೈಯಿಂದ ಬರೆಯುವವನಿಗೆ ಇದು ನಿಜವಾಗಿಯೂ ಹೊರೆ. ಪ್ರತಿಯಾಗಿ ಅವನಿಗೆ ದೊರೆಯುತ್ತಿದ್ದ ಲಾಭವು, ಅವನ ಫೀಡನ್ನು ಬೇರೆಯವರ ಮಾಹಿತಿಯೊಡನೆ ಕೂಡಿಸಿ ಪ್ರಶ್ನೆ ಕೇಳುವ ಯಾರೋ ದೂರದವರಿಗೆ ಸಲ್ಲುತ್ತಿತ್ತು.

ಆ ದೂರದವರು ಇರಲಿಲ್ಲವೆಂದಲ್ಲ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ (ಐರ್ಲೆಂಡಿನ ರಾಜಧಾನಿಯಲ್ಲಲ್ಲ) ಗ್ರಂಥಾಲಯ ತಜ್ಞರೂ ಗಣಕ ತಜ್ಞರೂ ಕೂಡಿ ಆರಂಭಿಸಿದ ಡಬ್ಲಿನ್ ಕೋರ್ ಎಂಬ ಹದಿನೈದು ಅಂಶಗಳ ಸೂಚೀಕ್ರಮವನ್ನು ಆರ್.ಎಸ್.ಎಸ್. 1.0ಕ್ಕೆ ಸುಲಭವಾಗಿ ಹೊಂದಿಸಬಹುದಾಗಿತ್ತು. ಆದಕಾರಣ ವಿದ್ವತ್ ಪ್ರಕಾಶಕರು ಅದನ್ನು ಮೆಚ್ಚಿದರು. ನೇಚರ್ ಪತ್ರಿಕೆಯ ಪ್ರಕಾಶಕರು ತಮ್ಮ ಪ್ರಕಟಣೆಗಳ ಪಟ್ಟಿಗಳನ್ನು ಈ ಕ್ರಮದಲ್ಲಿ ಹೊರಡಿಸಿದರು. ಭೌತವಿಜ್ಞಾನ, ಗಣಿತ ಮೊದಲಾದ ವಿಷಯಗಳ ಪ್ರಬಂಧ ಸಂಗ್ರಹವಾದ ಆರ್ಕೈವ್ ಸಹ ತನ್ನ ದೈನಿಕ ಪಟ್ಟಿಯನ್ನು ಅನೇಕ ವರ್ಷ ಹೀಗೆಯೇ ಕೊಡುತ್ತಿತ್ತು.

ಇನ್ನು ಮುಖ್ಯ ವಿಷಯ. ಆರ್.ಎಸ್.ಎಸ್. 1.0ರ ನಿಯಮದಂತೆ ನಮೂದಿನ ಗುರುತು ಸಾಧ್ಯವಾದಷ್ಟೂ ಅದರ ಕೊಂಡಿಯ ವಿಳಾಸವೇ ಆಗಿರಬೇಕು. ನೋಟಕ್ಕೆ ಇದು ನಿರುಪದ್ರವಿ. ಆದರೆ ಒಬ್ಬ ವಿಮರ್ಶಕನು ಬೇರೊಬ್ಬ ಲೇಖಕನ ಪುಟಕ್ಕೆ ಕೊಂಡಿ ಕೊಟ್ಟು, ಅದರ ಕೆಳಗೆ ತನ್ನ ಅಭಿಪ್ರಾಯವನ್ನು ನಾಲ್ಕು ಸಾಲಿನಲ್ಲಿ ಬರೆದನೆನ್ನೋಣ. ನಮೂದಿನ ಗುರುತು ಮೂಲ ಲೇಖಕನ ಪುಟದ ವಿಳಾಸ. ಕರ್ತೃವಿನ ಸ್ಥಾನದಲ್ಲಿರುವುದು ವಿಮರ್ಶಕನ ಹೆಸರು. ತ್ರಿಪದವಾಗಿ ಓದಿದಾಗ ಇದು ‘ಆ ಪುಟವನ್ನು ಬರೆದವನು ಈ ವಿಮರ್ಶಕ’ ಎಂಬ ಹೇಳಿಕೆಯಾಗುತ್ತದೆ. ಮನುಷ್ಯನು ಪರದೆಯ ಮೇಲೆ ಓದುವಾಗ ಯಾವ ತಪ್ಪೂ ಇರಲಿಲ್ಲ. ಯಂತ್ರಕ್ಕೆ ಅರ್ಥವಾಗುವಂತೆ ಬರೆದೊಡನೆಯೇ ಒಬ್ಬರ ಕೃತಿ ಇನ್ನೊಬ್ಬರದಾಯಿತು. ಪುಟವೂ ಪುಟದ ಬಗೆಗಿನ ನಮೂದೂ ಎರಡು ವಸ್ತುಗಳು. ಗ್ರಂಥಾಲಯದ ಸೂಚೀಪತ್ರವನ್ನೂ ಕಪಾಟಿನಲ್ಲಿರುವ ಗ್ರಂಥವನ್ನೂ ಒಂದೇ ಎಂದು ಯಾವ ಗ್ರಂಥಪಾಲನೂ ಭಾವಿಸನು.

2003ರ ಬೇಸಗೆಯಲ್ಲಿ ಸ್ಯಾಮ್ ರೂಬಿ ಅವರ ಉಪಕ್ರಮದಿಂದ ಆರಂಭವಾದ ಚರ್ಚೆಯು ಇಂಥ ಸಂದಿಗ್ಧಗಳನ್ನು ನಿವಾರಿಸುವ ಹೊಸ ಕ್ರಮವೊಂದಕ್ಕೆ ದಾರಿ ಮಾಡಿತು. ಆಟಮ್ ಎಂಬ ಈ ಕ್ರಮವನ್ನು ಅಂತರಜಾಲದ ನಿಯಮಗಳನ್ನು ರೂಪಿಸುವ ಐ.ಇ.ಟಿ.ಎಫ್. ಸಂಸ್ಥೆಯು 2005ರ ಡಿಸೆಂಬರ್‌ನಲ್ಲಿ 4287ನೆಯ ಸಂಖ್ಯೆಯ ದಾಖಲೆಯಾಗಿ ಪ್ರಕಟಿಸಿತು. ಆಟಮ್ ಆರ್.ಡಿ.ಎಫ್. ಅಲ್ಲ, ಸಾದಾ ಎಕ್ಸ್‌ಎಂಎಲ್. ಆದರೂ ಅದರ ವ್ಯವಸ್ಥೆ ಅದೆಷ್ಟು ಖಚಿತವೆಂದರೆ, ಆರ್.ಡಿ.ಎಫ್.ಗೆ ತಿರುಗಿಸಲು ಆರ್.ಎಸ್.ಎಸ್. 2.0ಕ್ಕಿಂತ ಅದೇ ಬಹುಪಾಲು ಅನುಕೂಲ. ಆರ್.ಎಸ್.ಎಸ್. 2.0ರಲ್ಲಿ ಶೀರ್ಷಿಕೆ, ವಿವರಣೆ ಇವೆರಡರಲ್ಲಿ ಒಂದಿದ್ದರೆ ಸಾಕು, ಉಳಿದುದೆಲ್ಲ ಐಚ್ಛಿಕ. ಆಟಮ್‌ನ ಪ್ರತಿ ನಮೂದಿನಲ್ಲಿಯೂ ಗುರುತು, ಶೀರ್ಷಿಕೆ, ಪರಿಷ್ಕರಣದ ಕಾಲ ಈ ಮೂರೂ ಕಡ್ಡಾಯ. ಗುರುತು ಕೊಂಡಿಯಿಂದ ಬೇರೆ. ನಮೂದು ಬೇರೆ ತಾಣಕ್ಕೆ ಸಾಗಲಿ, ಮರುಮುದ್ರಣವಾಗಲಿ, ಗುರುತು ಬದಲಾಗಕೂಡದು. ಎರಡು ಗುರುತುಗಳು ಒಂದೇ ಹೌದೋ ಅಲ್ಲವೋ ಎಂಬುದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನಿರ್ಣಯಿಸಬೇಕು. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವಿದ್ದರೂ ಅವು ಎರಡೇ. ಕೊಂಡಿಗೆ ‘ಪರ್ಯಾಯ ರೂಪ’, ‘ಸಂಬಂಧಿತ’ ಎಂಬಂಥ ಸಂಬಂಧಸೂಚಕ ಹೆಸರುಗಳಿದ್ದು, ಅವುಗಳಿಗೆ ಪೂರ್ಣವಿಳಾಸದ ರೂಪವನ್ನೂ ನಿಯಮವೇ ಗೊತ್ತುಮಾಡಿದೆ. ತ್ರಿಪದದ ನಡುವಣ ಅಂಗವು ಹೀಗೆ ಸಿದ್ಧವಾಗಿಯೇ ದೊರೆಯುತ್ತದೆ.

ಇಷ್ಟೆಲ್ಲ ಇರುವಾಗ ಕೆಲಸ ಸುಲಭವೆಂದು ತೋರುವುದು ಸಹಜ: ಆಟಮ್‌ನ ಗುರುತನ್ನೇ ತ್ರಿಪದದ ಮೊದಲ ಅಂಗವಾಗಿಸಿ, ಶೀರ್ಷಿಕೆ, ಕಾಲ, ಕರ್ತೃ ಮುಂತಾದವನ್ನು ಅದಕ್ಕೆ ಜೋಡಿಸಿದರೆ ಮುಗಿಯಿತಲ್ಲವೇ? ಮುಗಿಯದು. ಒಂದು ಪ್ರೌಢಶಾಲೆಯ ಜಾಲತಾಣವನ್ನು ಊಹಿಸಿಕೊಳ್ಳಬಹುದು. ಜನವರಿ 20ರಂದು ಅದರ ಫೀಡಿನಲ್ಲಿ ‘ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಫೆಬ್ರವರಿ 12ರಿಂದ’ ಎಂಬ ಪ್ರಕಟಣೆ ಬಂತು. ಜನವರಿ 25ರಂದು ಅದೇ ಪ್ರಕಟಣೆಯನ್ನು ತಿದ್ದಿ ‘ಫೆಬ್ರವರಿ 19ರಿಂದ’ ಎಂದು ಮಾಡಲಾಯಿತು. ನಿಯಮಾನುಸಾರ ಗುರುತು ಮೊದಲಿನದೇ, ಪರಿಷ್ಕರಣದ ಕಾಲ ಮಾತ್ರ ಹೊಸದು. ತಾಲ್ಲೂಕಿನ ಎಲ್ಲ ಶಾಲೆಗಳ ಪ್ರಕಟಣೆಗಳನ್ನೂ ಕೂಡಿಹಾಕುವ ಒಂದು ಸಂಗ್ರಾಹಕ ತಂತ್ರಾಂಶವು ಎರಡು ಸಲವೂ ಫೀಡನ್ನು ತರಿಸಿಕೊಂಡಿತು. ಅದರ ರಾಶಿಯಲ್ಲಿ ಈಗ ಒಂದೇ ಗುರುತಿಗೆ ಎರಡು ಶೀರ್ಷಿಕೆ, ಎರಡು ಪರಿಷ್ಕರಣ ಕಾಲ. ತ್ರಿಪದಗಳ ರಾಶಿಗೆ ಹಿಂದು ಮುಂದು ಎಂಬುದಿಲ್ಲ. ಹೊಸ ಮಾತು ಬಂದಿತೆಂದು ಹಳೆಯ ಮಾತು ತಾನಾಗಿ ಅಳಿಯುವುದೂ ಇಲ್ಲ. 12ನೆಯ ತಾರೀಖಿನ ಶೀರ್ಷಿಕೆಯು ಜನವರಿ 20ಕ್ಕೆ ಸೇರಿದ್ದೋ 25ಕ್ಕೆ ಸೇರಿದ್ದೋ ಎಂದು ಕೇಳಿದರೆ ಆ ರಾಶಿಯಿಂದ ಉತ್ತರ ಹೊರಡದು. ವಿದ್ಯಾರ್ಥಿಗೆ ಯಾವ ದಿನವನ್ನು ಹೇಳಬೇಕು? ಹಳೆಯ ತಾರೀಖು ಹಾಳೆಯ ಮೇಲಿದ್ದಿದ್ದರೆ ಜವಾನನು ಅದನ್ನು ಫಲಕದಿಂದ ಕಿತ್ತು ಹೊಸದನ್ನು ಅಂಟಿಸುತ್ತಿದ್ದ.

ಇದಕ್ಕೆ ಪರಿಹಾರವನ್ನು ಹೆನ್ರಿ ಸ್ಟೋರಿ, ಡ್ಯಾನಿ ಏಯರ್ಸ್ ಮೊದಲಾದವರು ಆಟಮ್‌ಔಲ್ ಎಂಬ ಶಬ್ದಾವಳಿಯನ್ನು ರಚಿಸುವಾಗ ಅರಸಿದರು. ಫೀಡಿನಲ್ಲಿ ಕಾಣುವುದು ನಮೂದೇ ಅಲ್ಲ, ಒಂದು ಕಾಲದಲ್ಲಿನ ನಮೂದಿನ ಸ್ಥಿತಿ ಎಂಬುದು ಅವರ ವಿಚಾರದ ತಿರುಳು. ಆದುದರಿಂದ ಪ್ರತಿ ಸ್ಥಿತಿಗೂ ಪ್ರತ್ಯೇಕ ಬಿಂದುವನ್ನು ಕಲ್ಪಿಸಬೇಕು. ಗುರುತು ಆ ಬಿಂದುವಿನ ಹೆಸರಲ್ಲ, ಅದರ ಒಂದು ಗುಣ. ಪರಿಷ್ಕರಣ ಕಾಲ ಮತ್ತೊಂದು ಗುಣ. ಜನವರಿ 20ರ ಬಿಂದುವಿಗೆ 12ನೆಯ ತಾರೀಖು, 25ರ ಬಿಂದುವಿಗೆ 19ನೆಯ ತಾರೀಖು. ಎರಡೂ ಒಂದೇ ಗುರುತನ್ನು ತೋರುವುದರಿಂದ ಅವು ಒಂದೇ ಪ್ರಕಟಣೆಯ ಎರಡು ಅವಸ್ಥೆಗಳೆಂದು ತಿಳಿಯುತ್ತದೆ, ಇತ್ತೀಚಿನದು ಯಾವುದೆಂಬುದೂ ತಿಳಿಯುತ್ತದೆ. ಹಳೆಯ ಮಾತು ಸುಳ್ಳಾಗಲಿಲ್ಲ. ‘ಜನವರಿ 20ರಂದು ಶಾಲೆ ಹೀಗೆ ಹೇಳಿತ್ತು’ ಎಂಬುದು ಎಂದೆಂದಿಗೂ ನಿಜ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಗುಣದ ಬೆಲೆ ಎರಡು ಕಡೆ ಒಂದೇ ಆಗಿದ್ದರೆ ಆ ಎರಡು ಬಿಂದುಗಳೂ ಒಂದೇ ವಸ್ತುವೆಂದು ಸಾರುವ ಸೌಲಭ್ಯ 2004ರಲ್ಲಿ ಅಂಗೀಕೃತವಾದ ಔಲ್ ಭಾಷೆಯಲ್ಲಿದೆ. ವ್ಯಕ್ತಿಗಳನ್ನು ವರ್ಣಿಸುವ ಫೋಫ್ ಶಬ್ದಾವಳಿಯು ಮಿಂಚಂಚೆ ವಿಳಾಸಕ್ಕೆ ಈ ಅಧಿಕಾರವನ್ನು ಕೊಟ್ಟಿದೆ: ವಿಳಾಸ ಒಂದೇ ಆದರೆ ಮನುಷ್ಯನೂ ಒಬ್ಬನೇ. ಅದೇ ಅಧಿಕಾರವನ್ನು ಆಟಮ್‌ನ ಗುರುತಿಗೂ ಕೊಟ್ಟುಬಿಟ್ಟರೆ, ಕಷ್ಟಪಟ್ಟು ಬೇರ್ಪಡಿಸಿದ ಎರಡು ಸ್ಥಿತಿಗಳನ್ನು ತರ್ಕಯಂತ್ರವು ಮತ್ತೆ ಬೆಸೆದುಬಿಡುತ್ತದೆ. 12 ಮತ್ತು 19 ಪುನಃ ಒಂದೇ ಗಂಟಿನಲ್ಲಿ ಬೀಳುತ್ತವೆ. ಬೇಕಾದದ್ದು ಗುರುತು ಮತ್ತು ಕಾಲ ಎರಡೂ ಕೂಡಿದ ಜೋಡುಕೀಲಿ. ಅಂದಿನ ಔಲ್‌ನಲ್ಲಿ ಅದನ್ನು ಹೇಳುವ ಮಾರ್ಗವಿರಲಿಲ್ಲ. 2009ರಲ್ಲಿ ಬಂದ ಔಲ್ 2ರಲ್ಲಿ ಜೋಡುಕೀಲಿಗೆ ಅವಕಾಶವಾಯಿತಾದರೂ ಅದು ಹೆಸರುಳ್ಳ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತದೆ. ಹೆಸರಿಡದ ಬಿಂದುಗಳನ್ನು ಬಳಸುವವರಿಗೆ ಅದರ ಪ್ರಯೋಜನವಿಲ್ಲ. ಇದಲ್ಲದೆ ಪರಿಷ್ಕರಣ ಕಾಲವನ್ನು ಯಾವಾಗ ಬದಲಾಯಿಸಬೇಕೆಂಬುದನ್ನು ಆಟಮ್ ಪ್ರಕಾಶಕನ ವಿವೇಚನೆಗೆ ಬಿಟ್ಟಿದೆ: ಬದಲಾವಣೆ ಮಹತ್ವದ್ದೆಂದು ಅವನಿಗೆ ತೋರಿದರೆ ಕಾಲವನ್ನು ಬದಲಿಸತಕ್ಕದ್ದು. ಕಾಗುಣಿತ ತಿದ್ದಿದವನು ಬದಲಿಸಬೇಕಾಗಿಲ್ಲ. ಪರೀಕ್ಷೆಯ ತಾರೀಖನ್ನು ತಿದ್ದಿದ ಗುಮಾಸ್ತನು ಅದನ್ನೂ ಒಂದಂಕಿಯ ಅಕ್ಷರದೋಷವೆಂದೇ ಭಾವಿಸಿದರೆ ಯಾವ ಕೀಲಿಯೂ ಅದನ್ನು ಪತ್ತೆಹಚ್ಚಲಾರದು.

ಸಂಗ್ರಾಹಕನು ಪ್ರತಿ ಸಲ ತಂದ ಫೀಡಿನ ತ್ರಿಪದಗಳನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿ, ಚೀಲಕ್ಕೇ ಒಂದು ಹೆಸರಿಡುವುದು ಇನ್ನೊಂದು ಉಪಾಯ. 2014ರ ಆರ್.ಡಿ.ಎಫ್. 1.1 ಈ ಪದ್ಧತಿಗೆ ಅಧಿಕೃತ ಸ್ಥಾನ ಕೊಟ್ಟಿದೆ. ಇದು ಉಪಯುಕ್ತವೇ, ಆದರೆ ಇದರಿಂದ ಗೊತ್ತಾಗುವುದು ಸಂಗ್ರಾಹಕನು ತಂದ ಕಾಲವೇ ಹೊರತು ಪ್ರಕಾಶಕನು ತಿದ್ದಿದ ಕಾಲವಲ್ಲ.

ಕರ್ತೃವಿನ ವಿಷಯದಲ್ಲಿಯೂ ಜಾಗರೂಕತೆ ಅಗತ್ಯ. ಆಟಮ್‌ನಲ್ಲಿ ನಮೂದಿಗೆ ಪ್ರತ್ಯೇಕ ಕರ್ತೃವನ್ನು ಹೇಳದಿದ್ದರೆ ಇಡೀ ಫೀಡಿನ ಕರ್ತೃವೇ ಅದಕ್ಕೂ ಅನ್ವಯಿಸುತ್ತಾನೆ. ಈ ಅಧ್ಯಾಹಾರ ಮನುಷ್ಯನಿಗೆ ಸಹಜ. ತ್ರಿಪದವಾಗಿ ಬಿಡಿಸುವಾಗ ಪ್ರತಿ ನಮೂದಿಗೂ ಅದನ್ನು ಬಿಚ್ಚಿ ಬರೆಯದಿದ್ದರೆ ನಮೂದು ಅನಾಥವಾಗುತ್ತದೆ. ಬೇರೊಂದು ಫೀಡಿಗೆ ನಮೂದನ್ನು ನಕಲು ಮಾಡುವವರು ಮೂಲ ಫೀಡಿನ ವಿವರಗಳನ್ನು ಅದರೊಡನೆಯೇ ಕಳುಹಿಸಲೆಂದು ಆಟಮ್‌ನಲ್ಲಿ ಒಂದು ಪ್ರತ್ಯೇಕ ಅಂಗವಿದೆ. ಅದನ್ನು ಬಿಟ್ಟು ನಕಲು ಮಾಡಿದಲ್ಲಿ ಪರರ ಬರಹವು ಸಂಗ್ರಾಹಕನ ಹೆಸರಿಗೆ ಸಂದೀತು. ಹೆಸರನ್ನಷ್ಟೇ ಬರೆದರೂ ಸಾಲದು. ಪಾಟೀಲ, ಹಿರೇಮಠ, ಕುಲಕರ್ಣಿ ಎಂಬ ಅಡ್ಡಹೆಸರುಗಳ ಹಿಂದೆ ಒಂದೇ ಇನಿಷಿಯಲ್ ಇರುವವರು ಒಂದು ಜಿಲ್ಲೆಯಲ್ಲಿಯೇ ಎಷ್ಟು ಮಂದಿ ಇರಬಹುದೆಂಬುದು ಅಧ್ಯಾಪಕರ ಹಾಜರಿಪುಸ್ತಕಕ್ಕೆ ಗೊತ್ತು. ಆದ್ದರಿಂದ ಕರ್ತೃವನ್ನೂ ಒಂದು ಬಿಂದುವನ್ನಾಗಿ ಮಾಡಿ, ಹೆಸರನ್ನು ಅದರ ಗುಣವಾಗಿ ಹೇಳುವುದು ಸರಿಯಾದ ಕ್ರಮ.

ಭಾಷೆ ಮತ್ತು ಕಾಲಗಳ ಬಗೆಗೆ ಎರಡು ಮಾತು. ಆಟಮ್‌ನ ಯಾವುದೇ ಪಠ್ಯಕ್ಕೆ ಭಾಷಾಸೂಚಕವನ್ನು ಹಚ್ಚಬಹುದು. ಕನ್ನಡಕ್ಕೆ ಕೆ ಮತ್ತು ಎನ್ ಎಂಬ ಎರಡು ರೋಮನ್ ಅಕ್ಷರಗಳು ನಿಗದಿಯಾಗಿವೆ. ಆರ್.ಡಿ.ಎಫ್.ನಲ್ಲಿಯೂ ಅದೇ ಸೂಚಕ ಹಾಗೆಯೇ ಸಲ್ಲುವುದರಿಂದ ಕನ್ನಡ ಶೀರ್ಷಿಕೆಗಳನ್ನು ಮಾತ್ರ ಆಯ್ದುಕೊಡೆಂದು ಕೇಳುವುದು ಸಾಧ್ಯ. ಪರಿವರ್ತನೆಯಲ್ಲಿ ಈ ಸೂಚಕವನ್ನು ಉದಾಸೀನದಿಂದ ಬಿಟ್ಟುಬಿಡುವ ತಂತ್ರಾಂಶಗಳುಂಟು; ಆಂಗ್ಲ ಫೀಡುಗಳಿಗೆ ಅದರಿಂದ ಆಗುವ ನಷ್ಟ ಅಲ್ಪ, ಅನ್ಯಭಾಷೆಗಳಿಗೆ ಹೆಚ್ಚು. ಕಾಲದ ಉಲ್ಲೇಖದಲ್ಲಿ ಗ್ರೀನಿಚ್ ಕಾಲದಿಂದ ಎಷ್ಟು ಅಂತರವೆಂಬುದು ಇರಲೇಬೇಕು. ಆಟಮ್ ದಾಖಲೆಯ ಮೊದಲ ಉದಾಹರಣೆಯಲ್ಲಿಯೇ ಕಾಣುವ ಪರಿಷ್ಕರಣ ಕಾಲವು ಗ್ರೀನಿಚ್ ಲೆಕ್ಕದಲ್ಲಿ 2003ರ ಡಿಸೆಂಬರ್ 13, 18 ಗಂಟೆ 30 ನಿಮಿಷ 2 ಸೆಕೆಂಡು. ಭಾರತದ ಗಡಿಯಾರದಲ್ಲಿ ಆಗ ಮಧ್ಯರಾತ್ರಿ ಕಳೆದು ಎರಡು ಸೆಕೆಂಡಾಗಿ ದಿನಾಂಕ 14ಕ್ಕೆ ತಿರುಗಿರುತ್ತದೆ. ಅಂತರವನ್ನು ಕೈಬಿಟ್ಟು ದಿನಾಂಕವನ್ನಷ್ಟೇ ಉಳಿಸಿಕೊಂಡರೆ ಒಂದು ದಿನವೇ ತಪ್ಪಿಹೋಗುತ್ತದೆ.

ಅನಂತರದ ವರ್ಷಗಳಲ್ಲಿ ಜನಸಾಮಾನ್ಯರ ಫೀಡ್ ಬಳಕೆ ಕುಗ್ಗಿತು. 2005ರಲ್ಲಿ ಆರಂಭವಾಗಿ ಬಹುಜನಪ್ರಿಯವಾಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಧ್ವನಿಮುದ್ರಿತ ಕಾರ್ಯಕ್ರಮಗಳಾದ ಪಾಡ್‌ಕಾಸ್ಟ್‌ಗಳ ಹಂಚಿಕೆಯಲ್ಲಿ ಆರ್.ಎಸ್.ಎಸ್. 2.0 ಇಂದಿಗೂ ಗಟ್ಟಿಯಾಗಿ ನಿಂತಿದೆ. ನಮೂದನ್ನು ಅರ್ಥಯುಕ್ತ ದತ್ತಾಂಶವಾಗಿಸುವ ಹಳೆಯ ಆಸೆಯಾದರೋ ಬೇರೆ ವೇಷದಲ್ಲಿ ಮರಳಿತು. ಆಟಮ್‌ನ ಒಂದು ವಿಸ್ತರಣೆಯಾಗಿ ಮೊದಲಾದ ಆ್ಯಕ್ಟಿವಿಟಿ ಸ್ಟ್ರೀಮ್ಸ್ ಎಂಬ ಕ್ರಮವು, 2017ರಲ್ಲಿ ಅಂಗೀಕೃತವಾದ ತನ್ನ ಎರಡನೆಯ ಆವೃತ್ತಿಯಲ್ಲಿ, ಆರ್.ಡಿ.ಎಫ್.ನ ಸರಳ ಬರಹರೂಪವಾದ ಜೇಸನ್-ಎಲ್‌ಡಿಯನ್ನು ಆಧರಿಸಿತು. 2018ರ ಆ್ಯಕ್ಟಿವಿಟಿಪಬ್ ನಿಯಮಕ್ಕೂ ಅದನ್ನು ಬಳಸುವ ಮಾಸ್ಟಡಾನ್ ಮುಂತಾದ ಜಾಲಗಳಿಗೂ ಇದೇ ತಳಹದಿ. ಇಲ್ಲಿ ಬರಹಕ್ಕೆ ಒಂದು ಗುರುತು. ಅದನ್ನು ಪ್ರಕಟಿಸಿದ ಕ್ರಿಯೆಗೆ, ತಿದ್ದಿದ ಕ್ರಿಯೆಗೆ ಬೇರೆ ಬೇರೆ ಗುರುತುಗಳು. ಯಾರು, ಯಾವಾಗ, ಯಾವುದನ್ನು ತಿದ್ದಿದರು ಎಂಬುದು ಕ್ರಿಯೆಗೆ ಸೇರಿದ ಮಾತಾಗಿ ನಿಲ್ಲುತ್ತದೆ.

ಅಳಿಸುವಿಕೆಯ ಸಮಸ್ಯೆ ಬಹುಕಾಲ ಉಳಿದಿತ್ತು. ಫೀಡಿನಲ್ಲಿ ಈಚಿನ ಕೆಲವು ನಮೂದುಗಳಷ್ಟೇ ಇರುವುದರಿಂದ, ಒಂದು ನಮೂದು ಕಾಣದಿದ್ದರೆ ಅದು ಹಳೆಯದಾಗಿ ಜಾರಿತೋ ಪ್ರಕಾಶಕನು ಹಿಂತೆಗೆದುಕೊಂಡನೋ ತಿಳಿಯದು. ಹೇಳದೆ ಇರುವುದನ್ನು ಅಲ್ಲಗಳೆದಂತೆ ಎಣಿಸಕೂಡದೆಂಬುದು ಅರ್ಥಯುಕ್ತ ಜಾಲದ ಮೂಲ ನಿಯಮವೂ ಹೌದು. 2012ರಲ್ಲಿ ಆಟಮ್‌ಗೆ ಅಳಿದ ನಮೂದನ್ನು ಸ್ಪಷ್ಟವಾಗಿ ಸಾರುವ ಅಂಗವೊಂದು ಸೇರಿತು. ಆ್ಯಕ್ಟಿವಿಟಿ ಸ್ಟ್ರೀಮ್ಸ್‌ನಲ್ಲಿ ಅಳಿದ ಬರಹದ ಸ್ಥಾನದಲ್ಲಿ ಸಮಾಧಿಶಿಲೆಯೆಂಬ ಹೆಸರಿನ ವಸ್ತುವನ್ನು ಇರಿಸಲು ಅವಕಾಶವಿದೆ. ಗುರುತು ಮೊದಲಿನದೇ, ಅದು ಹಿಂದೆ ಯಾವ ಬಗೆಯದಾಗಿತ್ತು, ಯಾವ ಕ್ಷಣದಲ್ಲಿ ಅಳಿಸಲಾಯಿತು ಎಂಬ ಎರಡು ಸಂಗತಿಗಳನ್ನು ಅದರ ಮೇಲೆ ಬರೆದಿಡಬಹುದು. ಪೂರ್ವಸಿದ್ಧತಾ ಪರೀಕ್ಷೆಯನ್ನೇ ಶಾಲೆಯು ರದ್ದುಪಡಿಸಿ ಪ್ರಕಟಣೆಯನ್ನು ಹಿಂತೆಗೆದುಕೊಂಡರೆ, ಸಂಗ್ರಾಹಕನಿಗೆ ದೊರೆಯುವುದು ಈ ಶಿಲೆ. 12 ಮತ್ತು 19ನೆಯ ತಾರೀಖುಗಳ ಹಳೆಯ ಬಿಂದುಗಳು ಅದರ ಹಿಂದೆ ತಮ್ಮ ತಮ್ಮ ಕಾಲದೊಡನೆ ಉಳಿದಿರುತ್ತವೆ.